ಜಿಮ್ ಜಾಹೀರಾತಲ್ಲಿ ಹೆಂಗಸ್ರು ಕರಗ್ಲೇಬೇಕು, ಗಂಡಸ್ರು ಉಬ್ಬಲೇಬೇಕು – ಇದು ನಿಮ್ಗೂ ಕಾಣ್ಸತ್ತಾ?

ಭಾರ ಎತ್ತೋಳು

ಯಾವ ಫಿಟ್ನೆಸ್ ಜಾಹೀರಾತು ಬೇಕಾದ್ರೂ ತಗೊಳ್ಳಿ, ಜಿಮ್ಮಿಂದಾಗ್ಲಿ ಆ್ಯಪಿಂದಾಗ್ಲಿ ಪ್ರೋಟೀನ್ ಪೌಡರಿಂದಾಗ್ಲಿ, ಹೆಂಗಸ್ರಿಗೆ ಹೇಳೋದು ಕರಗಿಸಿ, ಇಳಿಸಿ, ಸಣ್ಣಗಾಗಿ ಅಂತ. ಗಂಡಸ್ರಿಗೆ ಹೇಳೋದು ಬೆಳೆಸಿ, ಎತ್ತಿ, ಗೆಲ್ಲಿ ಅಂತ. ಒಳಗೆ ಹೋದ್ರೆ ಇಬ್ರಿಗೂ ಇರೋದು ಅದೇ ಕಬ್ಬಿಣ, ಅದೇ ಟ್ರೆಡ್‌ಮಿಲ್ಲು.

ನಾನು ಹೋಗೋ ಜಿಮ್ಮಲ್ಲಿ ಅಕ್ಕಪಕ್ಕ ಎರಡು ಪೋಸ್ಟರ್ ಇದೆ. ಒಂದ್ರಲ್ಲಿ ಗಂಡಸು ಬಾರ್‌ಬೆಲ್ ಎತ್ತಿದಾನೆ, ಕುತ್ತಿಗೆ ನರ ಉಬ್ಬಿದೆ, ಹಲ್ಲು ಕಚ್ಚಿದಾನೆ, ಕಣ್ಣು ನೇರ ನಮ್ ಕಡೆ. ಇನ್ನೊಂದ್ರಲ್ಲಿ ಹೆಂಗಸಿಗೆ ತಲೇನೇ ಇಲ್ಲ! ಎದೆಯಿಂದ ತೊಡೆವರೆಗೆ ಮಾತ್ರ, ಸೊಂಟಕ್ಕೆ ಅಳತೆ ಟೇಪು ಸುತ್ತಿದೆ, ಒಂದು ಹನಿ ಬೆವರಿಲ್ಲ. ನನ್ನ ಸಿಟ್ಟು ಬಟ್ಟೆ ಬಗ್ಗೆ ಅಲ್ಲ, ವ್ಯಾಯಾಮ ಮಾಡೋವಾಗ ಮೈತುಂಬ ಹೊದ್ಕೊಂಡು ಯಾರೂ ಮಾಡಲ್ಲ. ಅವನು ಅಲ್ಲಿ ಏನೋ ಒಂದು ಕೆಲ್ಸ ಮಾಡ್ತಿದಾನೆ, ಅವಳನ್ನ ಸುಮ್ನೆ ನಿಲ್ಸಿ ಅಳೀತಿದಾರೆ, ಅದು ನನಗೆ ತಡ್ಕೊಳ್ಳೋಕಾಗಲ್ಲ. ಹೊಸದಾಗಿ ಸೇರೋ ಹುಡ್ಗೀರು ದಿನಾ ಇದ್ನ ನೋಡ್ಕೊಂಡೇ ಒಳಗೆ ಬರ್ತಾರೆ, ಬಂದೋರು ಸೀದಾ ಟ್ರೆಡ್‌ಮಿಲ್ ಹತ್ತಿ ಅಲ್ಲೇ ಉಳ್ಕೊಂಡ್ಬಿಡ್ತಾರೆ, ಡಂಬಲ್ ಇರೋ ಕಡೆ ಕಾಲಿಡೋಕೂ ಹಿಂಜರೀತಾರೆ. ಹೆಂಗಸ್ರಿಗೆ ಪ್ರವೇಶ ಇಲ್ಲ ಅಂತ ಯಾರೂ ಬೋರ್ಡ್ ಹಾಕಿಲ್ಲ, ಹಾಕೋ ಅಗತ್ಯಾನೂ ಬಂದಿಲ್ಲ.

ನಿಮ್ ಅನುಭವ ಏನು? ಜಾಹೀರಾತು ಕ್ಷೇತ್ರದಲ್ಲಿ ಇರೋರು, ಟ್ರೈನರ್‌ಗಳು, ಡಾಕ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ.

ಕಾಪಿ ಬರೆಯೋನು

ನಾನು ಜಾಹೀರಾತು ಏಜೆನ್ಸೀಲಿ ಕೆಲ್ಸ ಮಾಡ್ದೋನು, ಇಂಥ ಶೂಟ್‌ಗಳಲ್ಲಿ ನಿಂತಿದೀನಿ, ಹಾಗಾಗಿ ಒಳಗಿನ ವಿಷಯ ಹೇಳ್ತೀನಿ.

ಬ್ರೀಫ್ ಅಂದ್ರೆ ಜಾಹೀರಾತು ಹೇಗಿರ್ಬೇಕು ಅಂತ ಬರೆದ ಸೂಚನೆ, ಅದು ಬರೋವಾಗ್ಲೇ ಎರಡು ಕಾಲಂ ಇರತ್ತೆ. ಗಂಡಸ್ರ ಕಡೆ ಶಕ್ತಿ, ಛಲ, ಪವರ್ ಅಂತ. ಹೆಂಗಸ್ರ ಕಡೆ ಕಾನ್ಫಿಡೆನ್ಸ್, ಗ್ಲೋ, ಶೇಪ್ ಅಂತ. ಮಾಡೆಲ್ ಹುಡ್ಗಿ ನಿಜವಾಗ್ಲೂ ವೇಟ್ಸ್ ಮಾಡೋಳಾಗಿದ್ರೂ ಕೈಗೆ ಕೊಡೋದು ಅಂಗೈಯಷ್ಟುದ್ದ ಗುಲಾಬಿ ಡಂಬಲ್. ನಗ್ತಾ ಎತ್ತಿ ಅಂತಾರೆ, ಮುಖ ಬಿಗಿ ಹಿಡಿದ್ರೆ ಕಟ್. ಗಂಡಸಿಗೆ ಅದೇ ಜಾಗದಲ್ಲಿ ಮುಖ ಇನ್ನೂ ಕಿವುಚಿ ಅಂತಾರೆ. ಹುಡ್ಗಿಗೆ ಬೆವರು ಬಂದ್ರೆ ಟಚ್‌ಅಪ್‌ನೋರು ಓಡಿ ಬಂದು ಒತ್ತಿ ಒರೆಸ್ತಾರೆ, ಹುಡುಗನಿಗೆ ಬಾಟಲಿಯಿಂದ ನೀರು ಸ್ಪ್ರೇ ಮಾಡಿ ಬೆವರು ಬರಿಸ್ತಾರೆ. ಇದು ಒಂದೇ ದಿನ, ಒಂದೇ ಸೆಟ್ಟಲ್ಲಿ ನಡೆಯೋದು.

ಇನ್ನು ಆ 'ಮೊದಲು–ನಂತರ' ಫೋಟೋ. ಇವುಗಳಲ್ಲಿ ಎಷ್ಟೋ ಫೋಟೋ ಒಂದೇ ದಿನದಲ್ಲಿ ತೆಗೀಬಹುದು. ಮೊದಲಿನದಕ್ಕೆ ಭುಜ ಇಳಿಬಿಟ್ಟು ಹೊಟ್ಟೆ ಮುಂದೆ ತಳ್ಳಿ, ಊಟ ಆದ್ಮೇಲೆ ನಿಲ್ಸಿ, ಎದುರುಗಡೆಯಿಂದ ಚಪ್ಪಟೆ ಲೈಟ್ ಹಾಕಿ. ನಂತರದ್ದಕ್ಕೆ ಸ್ವಲ್ಪ ಪುಷ್‌ಅಪ್ ಮಾಡಿಸಿ, ಎಣ್ಣೆ ಹಚ್ಚಿ, ಉಸಿರು ಎಳ್ಕೊಂಡು ಓರೆಯಾಗಿ ನಿಂತ್ಕೊಳ್ಳೋಕೆ ಹೇಳಿ, ಲೈಟು ಮೇಲಿಂದ ಬೀಳೋ ಹಾಗೆ ಮಾಡಿದ್ರೆ ಹೊಟ್ಟೆ ಮೇಲೆ ತಾನಾಗೇ ನೆರಳು ಮೂಡತ್ತೆ. ಎಡಿಟಿಂಗ್ ಇನ್ನೂ ಶುರುವೇ ಆಗಿಲ್ಲ ನೋಡಿ.

ನೇರ ಮಾತು

ಎಲ್ಲಾ ಓದ್ದೆ. ಆದ್ರೆ ಒಂದು ಮಾತು, ಜಾಹೀರಾತು ಕೊಡೋನು ಸಮಾಜ ಸುಧಾರಣೆಗೆ ಕೂತಿಲ್ಲ, ಜನ ಏನು ಕೇಳ್ತಾರೋ ಅದ್ನ ತೋರಿಸ್ತಾನೆ. ನನ್ನ ತಂಗಿ ಜಿಮ್‌ಗೆ ಸೇರಿದ್ದು ತೂಕ ಇಳಿಸೋಕೇ, ನಾನು ಸೇರಿದ್ದು ತೋಳು ಬರ್ಲಿ ಅಂತಾನೇ. ಯಾರೂ ನಮ್ಗೆ ಬಲವಂತ ಮಾಡಿಲ್ಲ. ಗಂಡು ಹೆಣ್ಣಿನ ದೇಹ ಬೇರೆ ಬೇರೆ, ಗುರಿ ಬೇರೆ ಇದ್ರೆ ಜಾಹೀರಾತೂ ಬೇರೆ ಇರತ್ತೆ, ಅದ್ರಲ್ಲಿ ತಾರತಮ್ಯ ಎಲ್ಲಿಂದ ಬಂತು?

ಭಾರ ಎತ್ತೋಳು

ನಿಮ್ ತಂಗಿ ತೂಕ ಇಳಿಸ್ಬೇಕು ಅಂದ್ಕೊಂಡಿದ್ರಲ್ಲಿ ಏನೂ ತಪ್ಪಿಲ್ಲ ಸರ್, ಅದು ಅವ್ರ ಇಷ್ಟ. ಆದ್ರೆ ಚಿಕ್ಕಂದಿನಿಂದ ಒಂದೇ ಮಾತು ಕೇಳಿಸ್ಕೊಂಡು ಬೆಳೆದೋರಿಗೆ ಬೇರೆ ಏನು ಕೇಳ್ಬಹುದು ಅನ್ನೋದೇ ಗೊತ್ತಾಗಲ್ಲ. ನಾಲ್ಕನೇ ಮಹಡಿಗೆ ಏದುಸಿರಿಲ್ಲದೆ ಹತ್ಬೇಕು, ತುಂಬಿದ ಸಿಲಿಂಡರ್ ಒಬ್ಳೇ ಸರಿಸ್ಬೇಕು, ಈ ಆಸೆ ಹೆಂಗಸ್ರಿಗೂ ಇರತ್ತೆ. ಅದ್ನ ಯಾವ ಜಾಹೀರಾತು ಮಾರ್ತಿದೆ ಹೇಳಿ?

ಹಳೇ ಕಡತ

'ದೇಹ ಬೇರೆ' ಅನ್ನೋ ವಾದಕ್ಕೆ ಒಂದು ಹಳೇ ಕಥೆ ಇದೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಲ್ಲಿ ಮೊದಲ ಸಲ ಹೆಂಗಸ್ರಿಗೆ 800 ಮೀಟರ್ ಓಟ ಇಟ್ರು. ಫೈನಲ್ಲಲ್ಲಿ ಓಡಿದೋರೆಲ್ಲಾ ಗುರಿ ಮುಟ್ಟಿದ್ರು, ಕೆಲವ್ರು ಓಟ ಮುಗಿಸಿ ಸುಸ್ತಾಗಿ ಹುಲ್ಲಿನ ಮೇಲೆ ಬಿದ್ಕೊಂಡ್ರು, ಗಂಡಸ್ರೂ ಹಾಗೇ ಬೀಳ್ತಾರೆ. ಪತ್ರಿಕೆಗಳು ಮಾತ್ರ ಹೆಂಗಸ್ರು ಕುಸಿದುಬಿದ್ರು, ಇದು ಅವ್ರ ಮೈಗೆ ಆಗೋ ಕೆಲ್ಸ ಅಲ್ಲ ಅಂತ ಬರೆದ್ವು. ಆಮೇಲೆ ಆ ಓಟ ಒಲಿಂಪಿಕ್ಸಿಗೆ ವಾಪಸ್ ಬಂದಿದ್ದು 1960ಕ್ಕೆ. ಹೆಂಗಸ್ರ ಮ್ಯಾರಥಾನ್ ಬಂದಿದ್ದು 1984ಕ್ಕೆ. ವೇಟ್‌ಲಿಫ್ಟಿಂಗ್ ಗಂಡಸ್ರಿಗೆ 1896ರಲ್ಲೇ ಇತ್ತು, ಹೆಂಗಸ್ರಿಗೆ 2000ದ ಸಿಡ್ನಿವರೆಗೂ ಕಾಯ್ಬೇಕಾಯ್ತು. ಆ ಮೊದಲ ಅವಕಾಶದಲ್ಲೇ ಕರ್ಣಂ ಮಲ್ಲೇಶ್ವರಿ ಕಂಚು ತಂದ್ರು ಅನ್ನೋದು ಎಲ್ರಿಗೂ ಗೊತ್ತು. ದೇಹಕ್ಕೆ ಆಗಲ್ಲ ಅಂತ ಹೇಳ್ತಿದ್ದೋರು ಸರಿಯಾಗಿ ಬಿಟ್ಟು ನೋಡಿರ್ಲಿಲ್ಲ ಅಷ್ಟೇ.

ಜಾಹೀರಾತಿನ ವಿಷಯಕ್ಕೆ ಬಂದ್ರೆ 2015ರಲ್ಲಿ ಲಂಡನ್ ಮೆಟ್ರೋ ಸ್ಟೇಷನ್‌ಗಳಲ್ಲಿ ಪ್ರೋಟೀನ್ ವರ್ಲ್ಡ್ ಅನ್ನೋ ಪ್ರೋಟೀನ್ ಪೌಡರ್ ಕಂಪನಿ ಹಾಕಿದ್ದ ಹಳದಿ ಪೋಸ್ಟರ್ ನೆನಪಿದ್ಯಾ? ಬಿಕಿನಿ ಹಾಕಿದ ಹುಡ್ಗಿ, ಪಕ್ಕದಲ್ಲಿ ನಿಮ್ ದೇಹ ಬೀಚಿಗೆ ರೆಡಿನಾ ಅನ್ನೋ ಪ್ರಶ್ನೆ. 70,000ಕ್ಕಿಂತ ಜಾಸ್ತಿ ಜನ ತೆಗೀರಿ ಅಂತ ಮನವಿಗೆ ಸಹಿ ಹಾಕಿದ್ರು, ಅಲ್ಲಿನ ಜಾಹೀರಾತು ಮಂಡಳಿ ಎಎಸ್‌ಎಗೆ 378 ದೂರು ಹೋಯ್ತು. ಎಎಸ್‌ಎ ಏನು ಹೇಳ್ತು ಗೊತ್ತಾ, ಈ ಚಿತ್ರ ಅವಮಾನಕರ ಅಲ್ಲ ಅಂತ. ಆದ್ರೆ ಆ ಪೌಡರಿಂದ ತೂಕ ಇಳಿಯತ್ತೆ ಅನ್ನೋ ಮಾತಿಗೆ ಸರಿಯಾದ ಆಧಾರ ಇಲ್ಲ ಅಂತ ಅದೇ ರೂಪದಲ್ಲಿ ಮತ್ತೆ ಹಾಕ್ಬೇಡಿ ಅಂದ್ರು. ಮುಂದಿನ ವರ್ಷ ಮೇಯರ್ ಆದ ಸಾದಿಕ್ ಖಾನ್, ದೇಹದ ಬಗ್ಗೆ ಕೀಳರಿಮೆ ಹುಟ್ಟಿಸೋ ಜಾಹೀರಾತು ನಗರದ ಸಾರಿಗೆ ಜಾಗಗಳಲ್ಲಿ ಬೇಡ ಅಂತ ನಿಯಮ ತಂದ್ರು.

ಸಂಜೆ ಓಟ

ಕಡತ ಸರ್ ಹೇಳಿದ್ರಲ್ಲ, ಆಧಾರ ಇಲ್ಲದ ಹೇಳಿಕೆ ಅಂತ, ಅಲ್ಲೇ ನನಗೆ ಮುಖ್ಯ ವಿಷಯ ಕಾಣೋದು. ಹೆಂಗಸ್ರಿಗೆ ನಾಚಿಕೆ ಹುಟ್ಸಿ ಮಾರೋ ಸಾಮಾನಿನಲ್ಲಿ ಕೆಲ್ಸಕ್ಕೇ ಬಾರದ್ದು ಎಷ್ಟಿದೆ! ರೀಬಾಕ್‌ನ ಈಸಿಟೋನ್ ಶೂ ನೋಡಿ. ಈ ಶೂ ಹಾಕ್ಕೊಂಡು ಸುಮ್ನೆ ನಡೆದ್ರೆ ಸಾಕು, ಪೃಷ್ಠದ ಸ್ನಾಯುಗಳಿಗೆ 28 ಪರ್ಸೆಂಟ್ ಜಾಸ್ತಿ ಬಲ ಬರತ್ತೆ ಅಂತ ಹೆಂಗಸ್ರ ಹಿಂಭಾಗಕ್ಕೇ ಕ್ಯಾಮೆರಾ ಇಟ್ಟು ಮಾರಿದ್ರು. ಅಮೆರಿಕದ ಗ್ರಾಹಕ ಹಿತ ಕಾಯೋ ಸಂಸ್ಥೆ ಎಫ್‌ಟಿಸಿ ಇದಕ್ಕೆ ಆಧಾರ ಇಲ್ಲ ಅಂತ ಕೇಸ್ ಹಾಕ್ತು, 2011ರಲ್ಲಿ ರೀಬಾಕ್ 2.5 ಕೋಟಿ ಡಾಲರ್ ಕೊಡೋಕೆ ಒಪ್ಕೊಳ್ತು. ಮಾರನೇ ವರ್ಷ ಇದೇ ಥರದ ಶೂ ಮಾರಿದ ಸ್ಕೆಚರ್ಸ್ 4 ಕೋಟಿ ಡಾಲರ್ ಕೊಡ್ತು.

ನೇರ ಮಾತು ಅವ್ರೇ, ಜನ ಕೇಳಿದ್ದು ಕೊಟ್ರು ಅಂತೀರಲ್ಲ, ಶೂ ಹಾಕಿದ್ರೆ ಹಿಂಭಾಗ ಸರಿಹೋಗತ್ತೆ ಅಂತ ಯಾರು ಕೇಳಿದ್ರು? ನಿನ್ನ ಮೈ ಸರಿಯಿಲ್ಲ ಅಂತ ಮೊದ್ಲು ಇವ್ರೇ ನಂಬಿಸ್ತಾರೆ, ಆಮೇಲೆ ಇವ್ರೇ ಮದ್ದು ಮಾರ್ತಾರೆ.

ನೇರ ಮಾತು

ಶೂ ವಿಷಯ ಗೊತ್ತಿರ್ಲಿಲ್ಲ, ಅದು ಶುದ್ಧ ಮೋಸ, ಒಪ್ತೀನಿ. ಆದ್ರೆ ಗಂಡಸ್ರ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಗೂ ಏನು ಕಮ್ಮಿ ಹಿಂಸೆ ಕೊಡ್ತಾರಾ? ಹದಿನಾರು ವರ್ಷದ ಹುಡುಗನಿಗೆ ಸಿಕ್ಸ್ ಪ್ಯಾಕ್ ಇಲ್ಲ ಅಂದ್ರೆ ಗಂಡಸೇ ಅಲ್ಲ ಅನ್ನೋ ಹಾಗೆ ತೋರಿಸ್ತಾರೆ.

ಮಾಜಿ ಬಾಡಿಬಿಲ್ಡರ್

ಅಣ್ಣ, ನೀವು ಹೇಳಿದ್ದು ಸತ್ಯ, ಇದ್ರ ಬಗ್ಗೆ ನಾನು ಬರೀಲೇಬೇಕು.

ಗಂಡಸ್ರನ್ನ ಅವಮಾನ ಮಾಡಿ ಮಾರೋದು ಹೊಸದಲ್ಲ. ಅಮೆರಿಕದ ಕಾಮಿಕ್ ಪುಸ್ತಕಗಳಲ್ಲಿ ಚಾರ್ಲ್ಸ್ ಅಟ್ಲಾಸ್ ಅನ್ನೋರ ವ್ಯಾಯಾಮ ಕೋರ್ಸಿನ ಜಾಹೀರಾತು ದಶಕಗಟ್ಟಲೆ ಬರ್ತಿತ್ತು. 97 ಪೌಂಡಿನ ಪೀಚಲು ಹುಡುಗ ಹುಡ್ಗಿ ಜೊತೆ ಬೀಚಲ್ಲಿ ಕೂತಿರ್ತಾನೆ, ಒಬ್ಬ ದಾಂಡಿಗ ಬಂದು ಮುಖಕ್ಕೆ ಮರಳು ಹಾರಿಸ್ತಾನೆ, ಹುಡುಗ ಮನೆಗೆ ಹೋಗಿ ಕುರ್ಚಿ ಒದ್ದು ಕೋರ್ಸ್ ತರಿಸ್ತಾನೆ, ಮೈ ಬೆಳೆಸ್ಕೊಂಡು ಬಂದು ಆ ದಾಂಡಿಗನಿಗೆ ಗುದ್ದುತಾನೆ, ಹುಡ್ಗಿ ಮೆಚ್ಕೊಳ್ತಾಳೆ. ಇಡೀ ಕಥೇಲಿ ಆರೋಗ್ಯ ಅನ್ನೋದು ಎಲ್ಲೂ ಇಲ್ಲ. ಗಂಡಸು ಅಂದ್ರೆ ಹೊಡೆಯೋನು, ಹೆಂಗಸು ಗೆದ್ದೋನ ಕೈಗೆ ಸಿಗೋ ಬಹುಮಾನ. ಈಗಿನ ಸಪ್ಲಿಮೆಂಟ್ ಜಾಹೀರಾತು ಅದೇ ಕಥೆ, ಬಣ್ಣ ಮಾತ್ರ ಕಪ್ಪು ಕೆಂಪು, ಹಿಂದೆ ಸಿಂಹ ಗರ್ಜಿಸ್ತಿರತ್ತೆ.

ಇದ್ರಿಂದ ಏನಾಗತ್ತೆ ಅಂತ ನಾನು ಹತ್ರದಿಂದ ನೋಡಿದೀನಿ. ಹುಡುಗ್ರು ಎಷ್ಟು ಬೆಳೆದ್ರೂ ಕನ್ನಡೀಲಿ ತಾವು ಪೀಚಲು ಅಂತಾನೇ ನೋಡ್ಕೊಳ್ತಾರೆ, ಡಾಕ್ಟ್ರು ಇದ್ನ ಮಸಲ್ ಡಿಸ್ಮಾರ್ಫಿಯ ಅಂತಾರೆ, 1990ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಜೊತೆಗಾರ್ರು ಇದ್ರ ಬಗ್ಗೆ ಬರೆದ್ರು. ಅದೇ ತಂಡ 1999ರಲ್ಲಿ ಇನ್ನೊಂದು ಅಧ್ಯಯನ ಮಾಡಿ, ಹುಡುಗ್ರು ಆಡೋ ಗೊಂಬೆಗಳ ತೋಳು ಎದೆ ಅಳೆದು ನೋಡ್ತು, 60ರ ದಶಕದಿಂದ 90ರ ದಶಕಕ್ಕೆ ಬರೋ ಹೊತ್ತಿಗೆ ಗೊಂಬೆಗಳು ಮನುಷ್ಯರಿಗೆ ಸಾಧ್ಯವೇ ಇಲ್ಲದಷ್ಟು ಉಬ್ಬಿದ್ವು. ಪೋಸ್ಟರಲ್ಲಿರೋ ಮೈ ಪೌಡರಿಂದ ಬರಲ್ಲ ಅಂತ ಗೊತ್ತಾದ್ಮೇಲೆ ಹುಡುಗ್ರು ಸ್ನಾಯು ಉಬ್ಬಿಸೋ ಸ್ಟಿರಾಯ್ಡ್ ಔಷಧಿ ಕಡೆ ಹೋಗ್ತಾರೆ. ಹೊರಗಿಂದ ಚುಚ್ಕೊಂಡ್ರೆ ದೇಹ ತಾನು ಟೆಸ್ಟೋಸ್ಟಿರಾನ್ ಅನ್ನೋ ಗಂಡಸ್ರ ಹಾರ್ಮೋನ್ ಮಾಡೋದು ನಿಲ್ಸತ್ತೆ, ವೃಷಣ ಕುಗ್ಗತ್ತೆ, ವೀರ್ಯ ಕಮ್ಮಿಯಾಗತ್ತೆ, ಹೃದಯದ ಸ್ನಾಯು ದಪ್ಪ ಆಗತ್ತೆ. ನನ್ ಜೊತೆ ಅಭ್ಯಾಸ ಮಾಡ್ತಿದ್ದ ಹುಡುಗ ಮಕ್ಕಳಾಗ್ಲಿಲ್ಲ ಅಂತ ಡಾಕ್ಟ್ರ ಹತ್ರ ಹೋದಾಗ್ಲೇ ಮನೆಯೋರಿಗೆ ವಿಷಯ ಗೊತ್ತಾಗಿದ್ದು. ಆ ಹುಡುಗನ ಹೆಂಡ್ತಿಗೆ ಅಷ್ಟೂ ದಿನ ಎಲ್ರೂ ದೋಷ ಹೊರಿಸ್ತಿದ್ರು. ಇದ್ನ ಬರೀವಾಗ್ಲೂ ಹೊಟ್ಟೆ ಉರಿಯತ್ತೆ.

ಫಿಸಿಯೋ ಅಕ್ಕ

ಬಾಡಿಬಿಲ್ಡರ್ ಸರ್, ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಹೆಂಗಸ್ರ ಮೂಳೆ ವಿಷಯ ಹೇಳ್ತೀನಿ, ಯಾಕಂದ್ರೆ ಈ ಜಾಹೀರಾತುಗಳ ಬೆಲೆ ತೆರೋರನ್ನ ನಾನು ಕ್ಲಿನಿಕ್‌ನಲ್ಲಿ ದಿನಾ ನೋಡ್ತೀನಿ.

ವೇಟ್ಸ್ ಎತ್ತಿದ್ರೆ ಗಂಡಸ್ರ ಥರ ಆಗ್ಬಿಡ್ತೀನಿ ಅನ್ನೋ ಭಯಾನ ಬಿಟ್ಬಿಡಿ. ಪ್ರೌಢ ಗಂಡಸಿನ ರಕ್ತದಲ್ಲಿ ಸ್ನಾಯು ಬೆಳೆಸೋ ಟೆಸ್ಟೋಸ್ಟಿರಾನ್ ಹೆಂಗಸಿಗಿಂತ ಸುಮಾರು 15 ಪಟ್ಟು ಜಾಸ್ತಿ ಇರತ್ತೆ. ಮೀರಾಬಾಯಿ ಚಾನು ಅವ್ರನ್ನ ನೋಡಿ, ಟೋಕಿಯೋ ಒಲಿಂಪಿಕ್ಸಲ್ಲಿ 49 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಕ್ಲೀನ್ ಅಂಡ್ ಜರ್ಕಲ್ಲಿ, ಅಂದ್ರೆ ಮೊದ್ಲು ಭುಜಕ್ಕೆ ತಂದು ಆಮೇಲೆ ತಲೆ ಮೇಲೆತ್ತೋದ್ರಲ್ಲಿ, ಎತ್ತಿದ್ದು 115 ಕೆಜಿ. ಅಂದ್ರೆ ತನ್ನ ತೂಕದ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟು ಎತ್ತಿದ ಅವ್ರ ಮೈತೂಕ ಆಗ 49ರ ಒಳಗೇ ಇತ್ತು! ಅರ್ಧ ಗಂಟೆ ಡಂಬಲ್ ಹಿಡಿಯೋ ನಮ್ಗೆ ಯಾವ ಭಯ?

ಹೊಟ್ಟೆ ಮಾತ್ರ ಕರಗಿಸಿ, ತೊಡೆ ಮಾತ್ರ ಇಳಿಸಿ ಅನ್ನೋ ಜಾಹೀರಾತಿಗೂ ಬುಡ ಇಲ್ಲ. ಯಾವ ಜಾಗದ ಸ್ನಾಯು ದುಡಿಸಿದ್ರೂ ಕೊಬ್ಬು ಮೈಯೆಲ್ಲಾ ಕಡೆಯಿಂದ ತನ್ನ ಲೆಕ್ಕದಲ್ಲೇ ಕರಗೋದು.

ನಿಜವಾದ ನಷ್ಟ ಆಗೋದು ಮೂಳೆಗೆ. ಮುಟ್ಟು ನಿಂತ ಮೇಲೆ ಮೂಳೆ ಕಾಯೋ ಈಸ್ಟ್ರೋಜನ್ ಹಾರ್ಮೋನ್ ಇಳಿಯತ್ತೆ, ಮೂಳೆ ಬೇಗ ಬೇಗ ಸವೆಯತ್ತೆ. 50 ದಾಟಿದ ಮೂವರು ಹೆಂಗಸ್ರಲ್ಲಿ ಒಬ್ರಿಗೆ, ಐವರು ಗಂಡಸ್ರಲ್ಲಿ ಒಬ್ರಿಗೆ ಮೂಳೆ ಸವೆತದಿಂದ ಫ್ರಾಕ್ಚರ್ ಆಗತ್ತೆ ಅಂತ ಅಂತಾರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಫೌಂಡೇಷನ್ ಹೇಳತ್ತೆ. ಮೂಳೆ ಗಟ್ಟಿ ಇರ್ಬೇಕಾದ್ರೆ ಅದ್ರ ಮೇಲೆ ಭಾರ ಬೀಳ್ಬೇಕು. ಅಂದ್ರೆ ಭಾರ ಎತ್ತೋ ವ್ಯಾಯಾಮ ಯಾರಿಗೆ ಜಾಸ್ತಿ ಬೇಕೋ ಅವ್ರನ್ನೇ ಈ ಪೋಸ್ಟರ್‌ಗಳು ಭಾರದಿಂದ ದೂರ ಓಡಿಸ್ತಿವೆ. ಡಬ್ಲ್ಯುಎಚ್‌ಒ 2020ರ ಮಾರ್ಗಸೂಚೀಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅಂತ ಇದೆ. ಗಂಡಸಿಗೊಂದು ಹೆಂಗಸಿಗೊಂದು ಅಂತ ಇಲ್ಲ. 2022ರ ಲೆಕ್ಕದಲ್ಲಿ ಪ್ರಪಂಚದಲ್ಲಿ ಆ 150 ನಿಮಿಷದಷ್ಟು ಚಟುವಟಿಕೆಯೂ ಮಾಡದೇ ಇರೋರು ಗಂಡಸ್ರಲ್ಲಿ 29 ಪರ್ಸೆಂಟ್, ಹೆಂಗಸ್ರಲ್ಲಿ 34.

ಎರಡು ಮಕ್ಳ ತಾಯಿ

ಹೆರಿಗೆ ಆದ್ಮೇಲೆ ಫೋನಲ್ಲಿ ಬರೋ ಜಾಹೀರಾತು ಬಗ್ಗೆ ಯಾರಾದ್ರೂ ಬರೀತಾರಾ ಅಂತ ಕಾಯ್ತಿದ್ದೆ. ಮಗು ಹುಟ್ಟಿ ಇನ್ನೂ ಹೊಲಿಗೆ ಒಣಗಿಲ್ಲ, ರಾತ್ರಿ ಹಾಲು ಕುಡಿಸ್ತಾ ಫೋನ್ ತೆಗೆದ್ರೆ ಹಳೇ ದೇಹ ವಾಪಸ್ ಪಡೀರಿ ಅಂತ ಬರತ್ತೆ, ಬೆಲ್ಟು, ಚಹಾ, ಆ್ಯಪು. ನನಗೆ ಆಗ ಬೇಕಿದ್ದಿದ್ದು ಬೇರೆ, ಕೆಮ್ಮಿದ್ರೆ ಸೀನಿದ್ರೆ ಮೂತ್ರ ಸೋರೋದು, ಬೆನ್ನು ನೋವು, ಹೊಟ್ಟೆ ಸ್ನಾಯು ನಡುವೆ ಬಿಟ್ಕೊಂಡಿದ್ದು. ಇದಕ್ಕೆಲ್ಲ ಸರಿಯಾದ ವ್ಯಾಯಾಮ ಇದೆ ಅಂತ ಒಂದೇ ಒಂದು ಜಾಹೀರಾತೂ ಹೇಳ್ಲಿಲ್ಲ. ಮಗೂನ ಎತ್ಕೊಳ್ಳೋ ಶಕ್ತಿ ಬರ್ಲಿ ಅಂತ ಯಾರೂ ಹಾರೈಸ್ಲಿಲ್ಲ, ಸೊಂಟ ಎಷ್ಟಿದೆ ಅಂತ ಮಾತ್ರ ಕೇಳಿದ್ರು.

ಫಿಸಿಯೋ ಅಕ್ಕ

ಮೇಡಂ, ಇದು ತುಂಬಾ ಸಾಮಾನ್ಯ, ಹೇಳ್ಕೊಳ್ಳೋಕೆ ನಾಚ್ಕೊಂಡು ಎಷ್ಟೋ ಜನ ವರ್ಷಗಟ್ಲೆ ಹಾಗೇ ಇದ್ಬಿಡ್ತಾರೆ. ಪೆಲ್ವಿಕ್ ಫ್ಲೋರ್ ವ್ಯಾಯಾಮ, ಅಂದ್ರೆ ಮೂತ್ರಕೋಶಕ್ಕೆ ಕೆಳಗಿಂದ ಆಧಾರ ಕೊಡೋ ಸ್ನಾಯುಗಳದ್ದು, ಸರಿಯಾಗಿ ಕಲಿತ್ರೆ ಹೆಚ್ಚಿನೋರಿಗೆ ಸುಧಾರಿಸತ್ತೆ. ಈಗಲೂ ತಡ ಆಗಿಲ್ಲ, ಒಬ್ಬ ಫಿಸಿಯೋ ಹತ್ರ ತೋರಿಸ್ಕೊಳ್ಳಿ.

ಕಾಪಿ ಬರೆಯೋನು

ನೇರ ಮಾತು ಅವ್ರು ಮೊದ್ಲು ಎತ್ತಿದ ಪ್ರಶ್ನೆಗೆ, ಅಂದ್ರೆ ಹಿಂಗೆ ಮಾಡಿದ್ರೇ ಮಾರಾಟ ಆಗತ್ತೆ ಅನ್ನೋದಕ್ಕೆ, ಒಂದು ಮಾತು ಹೇಳ್ಬೇಕು. 2019ರ ಕೊನೇಲಿ ಪೆಲೊಟಾನ್ ಅನ್ನೋ ವ್ಯಾಯಾಮದ ಸೈಕಲ್ ಕಂಪನಿ ಒಂದು ಜಾಹೀರಾತು ಬಿಡ್ತು. ಗಂಡ ಕ್ರಿಸ್‌ಮಸ್‌ಗೆ ಹೆಂಡ್ತಿಗೆ ಸೈಕಲ್ ಕೊಡ್ತಾನೆ, ಮೊದಲೇ ತೆಳ್ಳಗಿರೋ ಅವ್ಳು ಒಂದು ವರ್ಷ ಗಾಬರಿ ಮುಖದಲ್ಲಿ ದಿನಾ ವಿಡಿಯೋ ಮಾಡ್ಕೊಂಡು ಕೊನೆಗೆ ಗಂಡನಿಗೆ ತೋರಿಸಿ ಥ್ಯಾಂಕ್ಸ್ ಹೇಳ್ತಾಳೆ. ಜನ ಸಿಟ್ಟಾದ್ರು, ಒಂದೇ ದಿನ ಷೇರು ಸುಮಾರು 9 ಪರ್ಸೆಂಟ್ ಬಿತ್ತು. ಇನ್ನೊಂದು ಕಡೆ 2015ರಲ್ಲೇ ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆ 'ದಿಸ್ ಗರ್ಲ್ ಕ್ಯಾನ್' ಅಂತ ಕ್ಯಾಂಪೇನ್ ಮಾಡ್ತು. ಮಾಡೆಲ್‌ಗಳಿಲ್ಲ, ಮಾಮೂಲಿ ಹೆಂಗಸ್ರು, ಎಲ್ಲಾ ವಯಸ್ಸು, ಎಲ್ಲಾ ಗಾತ್ರ, ಓಡೋವಾಗ ಮೈ ಕುಣಿಯತ್ತೆ, ಮುಖ ಕೆಂಪಾಗಿದೆ, ಬೆವರು ಇಳೀತಿದೆ. ಅವ್ರು ಮೊದ್ಲು ಹೆಂಗಸ್ರನ್ನ ಕೇಳ್ಕೊಂಡು ಬಂದಿದ್ರು, ಜನ ನೋಡ್ತಾರೆ, ಏನಂದ್ಕೋತಾರೋ ಅನ್ನೋ ಭಯಾನೇ ಅವ್ರನ್ನ ತಡೆದಿದೆ ಅಂತ ಗೊತ್ತಾಗಿತ್ತು. ಆ ಭಯಕ್ಕೇ ನೇರ ಉತ್ತರ ಕೊಟ್ರು. ಇಂಥದ್ದು ಮಾಡೋಕಾಗತ್ತೆ, ಕ್ಲೈಂಟ್ ಧೈರ್ಯ ಮಾಡ್ಬೇಕು ಅಷ್ಟೇ. ನಮ್ ಕಡೆಯಿಂದ ಬ್ರೀಫ್ ಬರೆಯೋರೂ ಧೈರ್ಯ ಮಾಡ್ಬೇಕು.

ನೇರ ಮಾತು

ಸೈಕಲ್ ಜಾಹೀರಾತು ನಾನೂ ನೋಡಿದ್ದೆ, ಗಂಡ ಪ್ರೀತಿಯಿಂದ ಕೊಟ್ಟಿದ್ರಲ್ಲಿ ಏನು ತಪ್ಪು ಅಂತ ಈಗ್ಲೂ ಅನ್ಸತ್ತೆ. ಆದ್ರೆ ಮೂಳೆ ವಿಷಯ ತಂಗಿಗೆ ಕಳ್ಸಿದೀನಿ.

ಹಳೇ ಕಡತ

ದೂರು ಕೊಡ್ಬೇಕು ಅನ್ನೋರಿಗೆ: ಬ್ರಿಟನ್ನಲ್ಲಿ 2019ರ ಜೂನ್‌ನಿಂದ ಹಾನಿಕರ ಲಿಂಗ ಪಡಿಯಚ್ಚು, ಅಂದ್ರೆ ಗಂಡು ಹೀಗೇ ಹೆಣ್ಣು ಹೀಗೇ ಅನ್ನೋ ಅಚ್ಚು, ತೋರ್ಸೋ ಜಾಹೀರಾತಿಗೆ ನಿಷೇಧ ಇದೆ. ನಮ್ ದೇಶದಲ್ಲೂ ಜಾಹೀರಾತುಗಳ ಮೇಲೆ ಕಣ್ಣಿಡೋ ಮಂಡಳಿ ಎಎಸ್‌ಸಿಐ 2022ರ ಜೂನ್‌ನಲ್ಲಿ ಇದೇ ಥರ ಮಾರ್ಗಸೂಚಿ ತಂದಿದೆ, ಅವ್ರ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ದೂರು ಹಾಕ್ಬಹುದು, ಜಾಹೀರಾತಿನ ಫೋಟೋ ಅಥ್ವಾ ಲಿಂಕ್ ಇಟ್ಕೊಂಡಿರಿ, ಎಲ್ಲಿ ಯಾವಾಗ ನೋಡಿದ್ರಿ ಅಂತ ಬರೀರಿ. ಎಡಿಟ್ ಮಾಡಿದ ಫೋಟೋ ವಿಷಯಕ್ಕೆ ಫ್ರಾನ್ಸ್ 2017ರಿಂದ, ನಾರ್ವೆ 2022ರಿಂದ ಕಾನೂನು ಮಾಡಿವೆ, ಮಾಡೆಲ್ ದೇಹದ ಆಕಾರ ತಿದ್ದಿದ್ರೆ ಜಾಹೀರಾತಲ್ಲೇ ಹಾಗಂತ ನಮೂದಿಸ್ಬೇಕು. ಇದು ನಮ್ಮಲ್ಲೂ ಬರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಟ್ರೈನರ್ ಹುಡ್ಗಿ

ಲೇಟಾಗಿ ಬಂದೆ. ಟ್ರೈನರ್‌ಗಳ ಪಾಲೂ ಇದ್ರಲ್ಲಿದೆ, ಅದ್ನ ಬಿಡ್ಬಾರ್ದು. ಹೊಸಬ್ರು ಬಂದ ತಕ್ಷಣ ಹುಡ್ಗಿಯಾದ್ರೆ ಕೇಳ್ದೇನೇ ವೇಟ್ ಲಾಸ್ ಫಾರಂ ತೆಗೆಯೋ ಟ್ರೈನರ್‌ಗಳಿದಾರೆ. ನಾನು ಸೊಂಟ ಅಳೆಯೋ ಬದ್ಲು ಮೊದಲ ದಿನ ಎಷ್ಟು ಸ್ಕ್ವಾಟ್ (ಬಸ್ಕಿ) ಆಯ್ತು, ಎಷ್ಟು ಹೊತ್ತು ಪ್ಲ್ಯಾಂಕ್ (ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯೋದು) ನಿಂತ್ರು ಅಂತ ಬರ್ಕೋತೀನಿ, ತಿಂಗಳು ಬಿಟ್ಟು ಅದ್ನೇ ತೋರಿಸ್ತೀನಿ. ತೂಕ ಒಂದು ಗ್ರಾಂ ಇಳಿದಿಲ್ಲ ಅಂದ್ರೂ ಮುಖದಲ್ಲಿ ಬರೋ ಖುಷಿ ನೋಡ್ಬೇಕು ನೀವು. ಹುಡುಗ್ರಿಗೂ ಅಷ್ಟೇ, ಸ್ಟ್ರೆಚಿಂಗ್, ಯೋಗ ಅಂದ್ರೆ ಅದು ಹೆಂಗಸ್ರದ್ದು ಅಂತ ಮೂತಿ ತಿರುಗಿಸ್ತಿದ್ದೋರು ಭುಜ ನೋವು ಹೋದ್ಮೇಲೆ ತಾವೇ ಮ್ಯಾಟ್ ಹಾಸ್ಕೋತಾರೆ.

ಭಾರ ಎತ್ತೋಳು

ಇಷ್ಟೊಂದು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಫಿಸಿಯೋ ಅಕ್ಕ, ಒಂದು ಪ್ರಶ್ನೆ. ಅಮ್ಮನಿಗೆ ಮುಟ್ಟು ನಿಂತಿದೆ, ಮಂಡಿ ಸ್ವಲ್ಪ ನೋಯತ್ತೆ, ಜಿಮ್ ಅಂದ್ರೆ ಅದು ವಯಸ್ಸಿನ ಹುಡ್ಗೀರಿಗೆ ಅಂತಾರೆ. ಮನೇಲೇ ಶುರು ಮಾಡ್ಸೋದು ಹೇಗೆ?

ಫಿಸಿಯೋ ಅಕ್ಕ

ಮೊದ್ಲು ಡಾಕ್ಟ್ರ ಹತ್ರ ಮಂಡಿ, ಬಿಪಿ ತೋರಿಸ್ಬಿಡಿ, ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಅಂತ್ಲೂ ಕೇಳಿ. ಆಮೇಲೆ ಗಟ್ಟಿ ಕುರ್ಚಿ ಗೋಡೆಗೆ ತಾಗಿಸಿ ಇಡಿ, ಕೈ ಊರದೆ ಎದ್ದು ಕೂರೋದು, ಏಳೋವಾಗ ಉಸಿರು ಬಿಡ್ಬೇಕು, ಕೂರೋವಾಗ ನಿಧಾನ. ಎಂಟು ಹತ್ತು ಸಲ ಆರಾಮಾಗಿ ಆಗತ್ತೆ ಅನ್ನೋವಾಗ ಎರಡು ಕೈಲೂ ನೀರು ತುಂಬಿದ ಬಾಟಲಿ ಕೊಡಿ. ಗೋಡೆಗೆ ಕೈಕೊಟ್ಟು ಪುಷ್‌ಅಪ್, ಕುರ್ಚಿ ಹಿಡ್ಕೊಂಡು ಹಿಮ್ಮಡಿ ಎತ್ತೋದು. ವಾರಕ್ಕೆ ಎರಡು ಮೂರು ದಿನ, ಮಧ್ಯೆ ಒಂದು ದಿನ ಬಿಡುವು. ಮಾರನೇ ದಿನ ಸ್ನಾಯು ಹಿಡ್ಕೊಂಡ ಹಾಗಿದ್ರೆ ಪರವಾಗಿಲ್ಲ, ಮಂಡಿ ಊದ್ಕೊಂಡ್ರೆ ಅಥ್ವಾ ಚುಚ್ಚೋ ನೋವಿದ್ರೆ ನಿಲ್ಸಿ ಇಲ್ಲಿ ಬರೀರಿ. ಬಾಟಲಿ ಹಗುರ ಅಂದ್ರೆ ಡಂಬಲ್ ತಗೊಂಡುಬಿಡಿ, ಬಣ್ಣ ಯಾವ್ದಾದ್ರೂ ಆಗ್ಲಿ, ತೂಕ ನೋಡಿ ತಗೊಳ್ಳಿ.